ಚೀನಾ ಗುಡ್ಡಗಾಡಿನ ಬುಯಾಂಗ್ ಭಾಷೇಲಿ ಕಣ್ಣಿಗೆ 'ಮತಾ' ಅಂತಾರಂತೆ, ಮಲಯದಲ್ಲೂ ಅದೇ. ಹೇಗೆ?

ಪೆನಾಂಗ್_ಪುಟ್ಟ
ಎಲ್ರಿಗೂ ನಮಸ್ಕಾರ. ನಾನು ಮಲೇಷ್ಯಾದ ಪೆನಾಂಗಲ್ಲಿ ಇರೋದು, ಚಿಪ್ ಫ್ಯಾಕ್ಟರಿ ಕೆಲಸ, ಮಲಯ ಭಾಷೆ ಅಂಗಡಿ ವ್ಯವಹಾರಕ್ಕೆ ಆಗೋಷ್ಟು ಬರುತ್ತೆ. ಮೊನ್ನೆ ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಹತ್ತದೆ ಏನೇನೋ ಓದ್ತಾ ಓದ್ತಾ ಬುಯಾಂಗ್ ಅನ್ನೋ ಭಾಷೆಯ ಪದಪಟ್ಟಿಗೆ ಹೋಗಿ ಬಿದ್ದೆ. ಯುನ್ನಾನ್ ಪ್ರಾಂತ್ಯದಲ್ಲಿ, ವಿಯೆಟ್ನಾಂ ಗಡಿ ಹತ್ರ, ಫುನಿಂಗ್ ಗುವಾಂಗ್‌ನಾನ್ ಕಡೆ ಕೆಲವೇ ಹಳ್ಳಿ, ಮಾತಾಡೋರು ಎಲ್ಲಾ ಸೇರಿ ಸುಮಾರು 2000 ಜನ. ಸಮುದ್ರ ನೋಡದೇ ಇರೋ ಜನ ಅನ್ನಿ.

ಈಗ ನೋಡಿ. ಕಣ್ಣು: ಮತಾ. ಸಾಯು: ಮತೆ. ಹೇನು: ಕತು. ನಾನು ಎದ್ದು ಕೂತೆ. ಯಾಕಂದ್ರೆ ಇಲ್ಲಿ ಮಲಯದಲ್ಲಿ ಕಣ್ಣು ಮಾತಾ, ಸಾಯು ಮಾತಿ, ಹೇನು ಕೂತು. ಯುನ್ನಾನಿಗೂ ಪೆನಾಂಗಿಗೂ ಎಲ್ಲಿಯ ಸಂಬಂಧ? ಚೀನೀ ಭಾಷೆ ಒಂಥರಾ ಡಯಲೆಕ್ಟಾ ಇದು? ಗೊತ್ತಿರೋರು ಹೇಳಿ, ಇಲ್ಲಾಂದ್ರೆ ನಂಗೆ ಈ ವಾರವೂ ನಿದ್ದೆ ಇಲ್ಲ.

ಸಂಶಯಪ್ಪ
ಕಾಕತಾಳೀಯ. ಮುಂದಿನ ಪ್ರಶ್ನೆ.

ನುಡಿಗಳ್ಳ
ಚೀನೀ ಡಯಲೆಕ್ಟ್ ಅಲ್ಲವೇ ಅಲ್ಲ. ಬುಯಾಂಗ್ ಕ್ರಾ ಅನ್ನೋ ಕವಲಿಗೆ ಸೇರಿದ್ದು. ಥಾಯ್, ಲಾವೋ, ಚೀನಾದ ಜುವಾಂಗ್ ಇವೆಲ್ಲ ಇರೋ ದೊಡ್ಡ ಮನೆತನಕ್ಕೆ ಕ್ರಾ-ದಾಯ್ ಅಂತ ಹೆಸರು, ಅದರಲ್ಲಿ ಕ್ರಾ ಅನ್ನೋದು ಬಡ ದಾಯಾದಿಗಳ ಕಡೆ. ಬುಯಾಂಗ್, ಗೆಲಾವ್, ಲಾಚಿ, ಲಾಹಾ, ಪುಬಿಯಾವ್ (ವಿಯೆಟ್ನಾಂ ಕಡೆ ಪು ಪೆವ್ ಅಂತಾರೆ, ಅವರು ತಮ್ಮನ್ನ ತಾವು ಕಬಿಯಾವ್ ಅಂತ ಕರ್ಕೊಳ್ತಾರೆ) ಹೀಗೆ ಬೆರಳೆಣಿಕೆಯಷ್ಟು. 'ಕ್ರಾ' ಅನ್ನೋ ಹೆಸರು ವೀರಾ ಒಸ್ತಪಿರತ್ ಅನ್ನೋ ಥಾಯ್ ಭಾಷಾವಿಜ್ಞಾನಿ 2000ದಲ್ಲಿ ಕೊಟ್ಟಿದ್ದು, ಈ ಭಾಷೆಗಳಲ್ಲಿ ಮನುಷ್ಯ ಅನ್ನೋದಕ್ಕೆ ಕಾ, ಹಾ, ಫಾ ಅಂತೆಲ್ಲ ಇದೆ, ಅವೆಲ್ಲದರ ಹಳೇ ರೂಪ 'ಕ್ರಾ' ಇರ್ಬೇಕು ಅಂತ ಅವರ ಲೆಕ್ಕ.

ಇನ್ನು ನಿಮ್ಮ ಮತಾ. ಥಾಯ್‌ನಲ್ಲಿ ಕಣ್ಣು ಏನು ಗೊತ್ತಾ? 'ತಾ'. ಸಾಯು 'ತಾಯ್'. ಹಕ್ಕಿ 'ನೊಕ್'. ಬುಯಾಂಗಲ್ಲಿ ಮತಾ, ಮತೆ, ಮನುಕ್. ಜಾವಾ ಭಾಷೇಲಿ ಹಕ್ಕಿ ಮನುಕ್ ಅಂತಾನೇ. ಥಾಯ್‌ನವರು ತಲೆ ಕಡಿದು ಬಾಲ ಇಟ್ಕೊಂಡ್ರು, ಬುಯಾಂಗ್‌ನವರು ತಲೇನ ಇನ್ನೂ ಬಿಟ್ಟಿಲ್ಲ. ಅದಕ್ಕೇ ಎರಡು ಸಾವಿರ ಜನರ ಭಾಷೆಗೆ ಇಷ್ಟು ಕಿಮ್ಮತ್ತು.

ತಿಂಡಿಪೋತ_ತುಮಕೂರು
ನಾವು ಬಾಲ ಕಡಿಯೋರು ಗುರು. ಅವನು ಹೋಗಿ 'ಅವ್ನ್', ಮನೆಯಲ್ಲಿ ಹೋಗಿ 'ಮನೇಲಿ'. ಅವರು ತಲೆ ಕಡೀತಾರೆ. ಒಟ್ಟು ಯಾರಿಗೂ ಪೂರ್ತಿ ಪದ ಹೇಳೋಕೆ ಟೈಮಿಲ್ಲ.

ಸಂಶಯಪ್ಪ
@ನುಡಿಗಳ್ಳ ಕಥೆ ಚೆನ್ನಾಗಿದೆ. ಆದ್ರೆ ಇದೇ ಆಟ ನಾನೂ ಆಡ್ತೀನಿ ನೋಡಿ. ಬುಯಾಂಗ್ 'ಮತೆ' ಅಂದ್ರೆ ಸಾಯು, ಸಂಸ್ಕೃತದಲ್ಲಿ 'ಮೃತ'. ಹಂಗಾದ್ರೆ ಬುಯಾಂಗ್‌ನವರು ಸಂಸ್ಕೃತದ ಮಕ್ಕಳಾ? ನಾಳೆ ವಾಟ್ಸಾಪಲ್ಲಿ ಬಂದ್ರೂ ಬರುತ್ತೆ ಇದು. ಎರಡು ಮೂರು ಪದ ಹೊಂದೋದು ಯಾವ ಎರಡು ಭಾಷೆ ತಗೊಂಡ್ರೂ ಸಿಗುತ್ತೆ.

ಕರಾವಳಿ_ಕಾಗೆ
ಮಾರಾಯ್ರೆ ಅದನ್ನು ಇಲ್ಲಿ ಬರೆದದ್ದೇ ತಪ್ಪು, ಈಗ ನಿಜವಾಗಿಯೂ ಫಾರ್ವರ್ಡ್ ಆಗ್ತದೆ 😂

ನುಡಿಗಳ್ಳ
ಸಂಶಯಪ್ಪ ಅವ್ರೇ, ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಪದ ಪದಕ್ಕೆ ಹೊಂದುತ್ತಾ ಅಂತ ನೋಡೋದಲ್ಲ, ಸದ್ದು ಸದ್ದಿಗೆ ಹೊಂದುತ್ತಾ ಅಂತ ನೋಡೋದು. ಹಳಗನ್ನಡದ ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪಲ್ ಹಲ್ಲಾಯ್ತು. ಒಂದೇ ಪದ ಆಗಿದ್ರೆ ಯಾರೋ ತೊದಲಿದ್ರು ಅನ್ಬಹುದಿತ್ತು, ಸಾಲಾಗಿ ಆದಾಗ ಅದು ರೂಲು.

ಇಲ್ಲೂ ಹಾಗೇ. ಫಿಲಿಪೀನ್ಸ್, ಇಂಡೋನೇಷ್ಯಾ, ತೈವಾನ್ ಮೂಲನಿವಾಸಿಗಳ ಭಾಷೆ ಎಲ್ಲ ಸೇರಿ ಆಸ್ಟ್ರೊನೇಷ್ಯನ್ ಕುಟುಂಬ, ನಿಮ್ಮ ಮಲಯವೂ ಅದರದ್ದೇ. ಆ ಕುಟುಂಬದ ಕಣ್ಣು, ಸಾಯು, ಹೇನು ಮೂರರಲ್ಲೂ ನಡುವೆ ಒಂದೇ ಮೂಲ ವ್ಯಂಜನ ಇತ್ತು, ಬುಯಾಂಗಲ್ಲಿ ಮೂರಕ್ಕೂ 'ತ'. ಇನ್ನೊಂದು ಜೋಡಿ ನೋಡಿ. ಹಳೇ ಆಸ್ಟ್ರೊನೇಷ್ಯನ್ನಲ್ಲಿ ತಲೆಗೆ 'ಕುಲು', ಎಂಟಕ್ಕೆ 'ವಲು'. ಬುಯಾಂಗಲ್ಲಿ ತಲೆ 'ಕದು', ಎಂಟು 'ಮದು'. ಎರಡರಲ್ಲೂ ಅಲ್ಲಿ 'ಲ' ಇದ್ರೆ ಇಲ್ಲಿ 'ದ'. ಅದೂ ನಮ್ಮ ಹಲ್ಲಿಗೆ ಒತ್ತಿ ಹೇಳೋ ದ ಅಲ್ಲ, ಇಂಗ್ಲಿಷಲ್ಲಿ 'ದಿಸ್' ಅನ್ನೋವಾಗ ನಾಲಿಗೆ ತುದಿ ಹಲ್ಲಿನ ಸಂದಿಲಿ ಬಿಟ್ಟು ಗಾಳಿ ಬಿಡ್ತಾರಲ್ಲ, ಆ ದ. ಸಂಸ್ಕೃತದ ಮೃತಕ್ಕೆ ಹೀಗೆ ಸಾಲು ಕಟ್ಟಿ ತೋರ್ಸಿ, ನಾನು ಸೋತೆ ಅಂತ ಬರ್ದುಕೊಡ್ತೀನಿ.

ಪೆನಾಂಗ್_ಪುಟ್ಟ
ಮಲಯದಲ್ಲಿ ಎಂಟಕ್ಕೆ ಲಾಪಾನ್ ಅಂತಾರಲ್ಲ, ವಲು ಅಲ್ಲ?

ನುಡಿಗಳ್ಳ
ಮಲಯ ಅಲ್ಲಿ ದಾರಿ ಬದಲಾಯಿಸಿದೆ. ಟ್ಯಾಗಲಾಗ್‌ನಲ್ಲಿ ವಾಲೋ, ಜಾವಾದಲ್ಲಿ ವೊಲು. ತಲೆಗೆ ಮಲಯದಲ್ಲಿ ಹುಲು ಅನ್ನೋ ಹಳೇ ಪದ ಇದೆ, ನದಿಯ ತಲೆಗೆ, ಅಂದ್ರೆ ಮೇಲ್ಗಡೆಗೆ ಅಂತಾರಲ್ಲ.

ಪೆನಾಂಗ್_ಪುಟ್ಟ
ಅಯ್ಯೋ ಹೌದು! ಇಲ್ಲಿ ಹುಲು ಅಂತ ಶುರುವಾಗೋ ಊರುಗಳೇ ಬೇಕಾದಷ್ಟಿವೆ. ಇಷ್ಟು ವರ್ಷ ಬೋರ್ಡ್ ಓದ್ತಾ ಇದ್ದೀನಿ, ಅದು ತಲೆ ಅಂತ ತಲೆಗೆ ಹೋಗಿರ್ಲಿಲ್ಲ.

ದಖನಿ_ಕಲಬುರಗಿ
ಒಂದ್ ಮಾತ್ ರೀ. ನೀವು ಕತು ಕದು ಅಂತ ಬರ್ದೀರಿ, ನಾ ಹುಡುಕಿ ನೋಡ್ದೆ, ಅದು ನಮ್ ಕ ಅಲ್ಲ. ಉರ್ದುದಾಗ 'ಕ಼ಲಮ್' ಅಂತೀವಲ್ಲ, ಗಂಟಲ ಒಳಗ, ಕಿರುನಾಲಿಗಿಗೆ ನಾಲಿಗಿ ಹಿಂದಿನ ಭಾಗ ತಾಗಿಸಿ ಅನ್ನೂದು, ಆ ಕ಼. ಬುಯಾಂಗದಾಗ ಕ, ಕ಼ ಎರಡೂ ಬ್ಯಾರೆ ಬ್ಯಾರೆ. ಗೆಲಾವ್‌ದಾಗೂ ಐತಂತ ಇದು. ನಮ್ ಅಜ್ಜ ಚಂದ ಅಂತಿದ್ರು, ಮದರಸಾದಾಗ ಕಲ್ತಿದ್ರು. ನಮ್ ಮನ್ಯಾಗ ಎಲ್ಲಾರೂ ದಖನಿ ಮಂದಿ, ಕ಼ಬರ್ (ಅಂದ್ರ ಗೋರಿ) ಇದ್ದಿದ್ದು ಖಬರ್ ಮಾಡೇವಿ, ನಮಗ ಆ ಸದ್ದು ಬರೂದಿಲ್ಲ ಈಗ. ಬುಯಾಂಗ್ ಮಂದಿ ಗುಡ್ಡದಾಗ ಕುಂತು ಇಟ್ಕೊಂಡಾರ ನೋಡ್ರಿ.

ನುಡಿಗಳ್ಳ
ನೂರಕ್ಕೆ ನೂರು ಸರಿ, ನಂದು ಸೋಮಾರಿತನ. ಕನ್ನಡದಲ್ಲಿ ನುಕ್ತ ಹಾಕಿ ಬರೀಬೇಕಿತ್ತು: ಕ಼ತು, ಕ಼ದು.

ಬರೀ_ಓದ್ತೀನಿ
ಕನ್ನಡ ಲಿಪೀಲಿ ಏನು ಬೇಕಾದ್ರೂ ಬರೀಬಹುದು, ಬರೆದಂಗೆ ಓದೋದು ಓದಿದಂಗೆ ಬರೆಯೋದು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ರು. ಒಂದು ಚುಕ್ಕೆ ಹಾಕಿದ್ರೆ ಮುಗೀತಲ್ಲ. ಯಾರಾದ್ರೂ ಆ ಪಟ್ಟಿ ಪೂರ್ತಿ ಕನ್ನಡದಲ್ಲಿ ಹಾಕಿ ಪ್ಲೀಸ್.

ನುಡಿಗಳ್ಳ
ಅಲ್ಲೇ ಇರೋದು ಮುಳ್ಳು. ಹಾಕೋಣ, ಮೂರರಿಂದ ಎಂಟರವರೆಗೆ ಅಂಕಿ ಹಾಕೋಣ. ಬುಯಾಂಗಲ್ಲಿ ಮೂರು: ತು. ನಾಲ್ಕು: ಪ. ಐದು: ಮ. ಆರು: ನಮ್. ಏಳು: ತು. ಎಂಟು: ಮದು.

ಗಮನಿಸಿದ್ರಾ?

ಬರೀ_ಓದ್ತೀನಿ
ಮೂರೂ ತು, ಏಳೂ ತು. ಟೈಪೋನಾ?

ನುಡಿಗಳ್ಳ
ಟೈಪೋ ಅಲ್ಲ, ಟೋನ್, ಅಂದ್ರೆ ದನಿಯ ಏರಿಳಿತ. ಮೂರರ ತು ಬೇರೆ ದನಿ, ಏಳರ ತು ಬೇರೆ ದನಿ. ಅವರ ಕಿವಿಗೆ ನಮ್ಮ 'ಹಾಲು' 'ಹಾಳು' ಎಷ್ಟು ಬೇರೆಯೋ ಅಷ್ಟು ಬೇರೆ. ನಮ್ಮ ಲಿಪಿ ಎರಡನ್ನೂ ಒಂದೇ ಮಾಡಿಬಿಡ್ತು. ಮೂರು ಹಂದಿ ಮಾರಿ ಏಳು ಹಂದಿ ದುಡ್ಡು ಇಸ್ಕೋಬಹುದು.

ಭಾಷಾವಿಜ್ಞಾನಿಗಳು ಇದನ್ನ ಅಂಕಿ ಹಾಕಿ ಬರೀತಾರೆ. 1930ರಲ್ಲಿ ಯುಆನ್ ರೆನ್ ಚಾವ್ ಅನ್ನೋರು ಮಾಡಿದ ಪದ್ಧತಿ: ದನಿಯ ಅಡಿ 1, ತುದಿ 5. ಅಂದ್ರೆ 11 ಅಂದ್ರೆ ಕೆಳಗೇ ಮಟ್ಟಸವಾಗಿ, 54 ಅಂದ್ರೆ ಮೇಲಿಂದ ಸ್ವಲ್ಪ ಇಳಿದು, 312 ಅಂದ್ರೆ ನಡುವಿಂದ ಇಳಿದು ತಿರ್ಗಾ ಏಳೋದು. ಕಣ್ಣು ಮತಾ ಅಲ್ಲಿ ತಾ ಪಕ್ಕ 54 ಇರುತ್ತೆ. ತಲೆ ಕ಼ದು ಅಲ್ಲಿ ದು ಪಕ್ಕ 11. ಮಜಾ ಅಂದ್ರೆ ಪದದ ಶುರುವಿನ ಮ, ಕ಼ ಇವುಗಳ ಪಕ್ಕ ಸೊನ್ನೆ. ಅದಕ್ಕೆ ಟೋನೇ ಇಲ್ಲ. ಗುನುಗಿದ ಹಾಗೆ ಬಂದು ಹೋಗುತ್ತೆ, ಭಾರ ಎಲ್ಲಾ ಎರಡನೇದರ ಮೇಲೆ. ಥಾಯ್‌ನಲ್ಲಿ ಆ ಮ ಯಾಕೆ ಉದುರಿಹೋಯ್ತು ಅಂತ ಬುಯಾಂಗ್ ನೋಡಿದ್ರೆ ಕಣ್ಣಿಗೆ ಕಾಣುತ್ತೆ, ಉದುರೋ ಮುಂಚಿನ ಹಣ್ಣೆಲೆ ಅದು.

ಹಂಡೆನೀರು
ಈ ಟೋನ್ ಅನ್ನೋದು ಎಲ್ಲಿಂದ ಹುಟ್ಟುತ್ತೆ? ಮಲಯದಲ್ಲಿ ಟೋನ್ ಇಲ್ಲ ಅಲ್ವಾ. ಒಂದೇ ಮನೆ ಅಂತೀರಿ, ಒಬ್ರು ಹಾಡ್ತಾರೆ ಒಬ್ರು ಮಾತಾಡ್ತಾರೆ.

ಅಮೃತಸರ_ರಿಟರ್ನ್
ನಾನು ಆರು ವರ್ಷ ಪಂಜಾಬಲ್ಲಿ ಇದ್ದೆ, ಇದಕ್ಕೆ ನಾನು ಹೇಳ್ತೀನಿ. ಹಿಂದಿ 'ಘೋಡಾ' ಪಂಜಾಬಿಯವರ ಬಾಯಲ್ಲಿ 'ಕೋಡಾ' ಥರ ಕೇಳುತ್ತೆ, ಆದ್ರೆ ದನಿ ಕೆಳಗಿಂದ ಎದ್ದು ಬರುತ್ತೆ. ಘ ಹೋಯ್ತು, ಅದು ಇದ್ದ ಜಾಗದಲ್ಲಿ ದನಿಯ ತಗ್ಗು ಉಳೀತು. ನಂಗೆ ಮೊದಲ ವರ್ಷ ಕುದುರೆ ಯಾವ್ದು ಚಾವಟಿ ಯಾವ್ದು ತಿಳೀತಾನೇ ಇರ್ಲಿಲ್ಲ. ಚಾವಟಿಗೆ ಬರೀ ಕೋಡಾ, ಏರಿಳಿತ ಇಲ್ಲದ್ದು.

ನುಡಿಗಳ್ಳ
ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ಅಲ್ಲೂ ಇದೇ ಆಗಿದ್ದು. ಬ, ದ, ಗ ಅನ್ನೋವಾಗ ದನಿ ತಾನಾಗೇ ಸ್ವಲ್ಪ ತಗ್ಗುತ್ತೆ, ಪ ತ ಕ ಅನ್ನೋವಾಗ ಏರುತ್ತೆ. ಕಾಲಕ್ರಮದಲ್ಲಿ ಬ ಹೋಗಿ ಪ ಆದ್ರೂ ತಗ್ಗು ಹಾಗೇ ನಿಲ್ಲುತ್ತೆ. ಪದದ ಕೊನೇಲಿ ಇದ್ದ ಹ್, ಸ್, ಗಂಟಲು ಬಿಗಿಯೋ ಸದ್ದು ಅವೂ ಉದುರುವಾಗ ದನೀನ ತಿರುಚಿ ಹೋಗ್ತವೆ. ವಿಯೆಟ್ನಾಮೀಸ್‌ಗೆ ಟೋನ್ ಹೀಗೇ ಬಂತು ಅಂತ ಓದ್ರಿಕೂರ್ ಅನ್ನೋ ಫ್ರೆಂಚ್ ವಿದ್ವಾಂಸ 1954ರಲ್ಲೇ ತೋರ್ಸಿದ್ದ. ಕ್ರಾ ಭಾಷೆಗಳಿಗೂ ಒಸ್ತಪಿರತ್ ಎ ಬಿ ಸಿ ಡಿ ಅಂತ ನಾಲ್ಕು ಮೂಲ ವರ್ಗ ಇಟ್ಟಿದ್ದಾರೆ, ಡಿ ಅನ್ನೋದು ಪ್ ತ್ ಕ್‌ಗಳಿಂದ ಮುಗಿಯೋ ಪದಗಳಿಗೆ. ಹಂಗಾಗಿ ಹಂಡೆನೀರು ಅವ್ರೇ, ಟೋನ್ ಇಲ್ಲ ಅನ್ನೋದರಿಂದ ನೆಂಟಸ್ತಿಕೆ ಇಲ್ಲ ಅಂತ ಹೇಳೋಕಾಗಲ್ಲ, ಅದು ಆಮೇಲೆ ಬಂದ ಒಡವೆ.

ಸಂಶಯಪ್ಪ
ಸರಿ ಕಾಕತಾಳೀಯ ಅಲ್ಲ ಅಂತ ಒಪ್ದೆ. ಆದ್ರೆ ಸಾಲ ಯಾಕೆ ಆಗಿರಬಾರ್ದು? ಥಾಯ್‌ನವರು ಅಂಕಿಗಳನ್ನೇ ಚೀನೀಯಿಂದ ಸಾಲ ತಂದಿದ್ದಾರೆ, ಸಾಮ್ ಸೀ ಅಂತ. ನೀವು ಅಂಕಿ ತೋರಿಸಿ ರಕ್ತಸಂಬಂಧ ಅಂತೀರಿ.

ನುಡಿಗಳ್ಳ
ಈಗ ನೀವು ನಿಜವಾದ ಜಗಳಕ್ಕೆ ಬಂದ್ರಿ 🙂 ಪಾಲ್ ಬೆನೆಡಿಕ್ಟ್ 1942ರಲ್ಲಿ ಇವೆಲ್ಲ ಒಂದೇ ಮನೆ ಅಂದ. ಗ್ರಹಾಂ ಥರ್ಗುಡ್ 1994ರಲ್ಲಿ ಅಲ್ಲ, ಬಹಳ ಹಿಂದೆ ತಂದ ಸಾಲ, ಸ್ವರಗಳು ಸರಿಯಾಗಿ ಹೊಂದಲ್ಲ ಅಂದ. 1999ರಲ್ಲಿ ಲಿ ಜಿನ್‌ಫಾಂಗ್ ಬುಯಾಂಗ್ ಮೇಲೆ ಪುಸ್ತಕ ತಂದ ಮೇಲೆ ಆಟದ ದಿಕ್ಕೇ ಬದಲಾಯ್ತು, ಯಾಕಂದ್ರೆ ಅಲ್ಲಿವರೆಗೆ ಬರೀ ಬಾಲ ನೋಡಿ ಹೋಲಿಸ್ತಾ ಇದ್ದೋರಿಗೆ ತಲೆಯೂ ಸಿಕ್ತು. ಆಮೇಲೆ ಲೋರಾಂ ಸಗಾರ್ ಅನ್ನೋರು ಇನ್ನೂ ಮುಂದೆ ಹೋಗಿ ಕ್ರಾ-ದಾಯ್ ಇಡೀ ಕುಟುಂಬವೇ ಆಸ್ಟ್ರೊನೇಷ್ಯನ್ ಒಳಗಿನ ಕವಲು ಅಂದ್ರು, ಒಸ್ತಪಿರತ್ ಅಷ್ಟು ದೂರ ಹೋಗಲ್ಲ, ಅಕ್ಕ ತಂಗಿ ಅಂತಾರೆ. ನನ್ನ ಮಟ್ಟಿಗೆ ಕೇಳಿದ್ರೆ ಕಣ್ಣು, ಸಾವು, ಹೇನು ಯಾರೂ ಸಾಲ ತರಲ್ಲ. ಹೇನು ಎಲ್ಲರ ತಲೇಲೂ ಸ್ವಂತದ್ದೇ ಇರುತ್ತೆ.

ತಿಂಡಿಪೋತ_ತುಮಕೂರು
ಹೇನು ಸಾಲ ತರಲ್ಲ ಅಂತ ಯಾರು ಹೇಳಿದ್ದು, ನಮ್ ಅಕ್ಕ ಪ್ರತಿ ಬೇಸಿಗೆ ರಜಕ್ಕೆ ಅಜ್ಜಿ ಮನೆಯಿಂದ ತರ್ತಿದ್ಲು.

ಕರಾವಳಿ_ಕಾಗೆ
🤣🤣 ಥಾಯ್‌ನಲ್ಲಿ ಹೂಸಿಗೆ ತೊತ್, ಮಲಯದಲ್ಲಿ ಕೆಂತೂತ್. ಅದು ಸಾಲವೋ ಸ್ವಂತವೋ ವಿದ್ವಾಂಸರು ಹೇಳಬೇಕು.

ನುಡಿಗಳ್ಳ
ನಗ್ಬೇಡಿ, ಆ ಪದವೂ ಹೋಲಿಕೆ ಪಟ್ಟೀಲಿ ಇದೆ.

ಬುಲೆಟ್_ಬಸ್ಯಾ
ನಾ ಹೋದ ವರ್ಷ ದೋಸ್ತರ ಜೋಡಿ ವಿಯೆಟ್ನಾಂದಾಗ ಹಾ ಜಿಯಾಂಗ್ ಲೂಪ್ ಬೈಕ್ ಹೊಡ್ದೀನಿ. ಡಾಂಗ್ ವಾನ್ ಕಡೆ ಬರೇ ಕರೀ ಕಲ್ಲಿನ ಗುಡ್ಡ, ಕಲ್ಲಿನ ಸಂದ್ಯಾಗ ಮೆಕ್ಕೆಜ್ವಾಳ, ನೋಡಿದ್ರ ಹೊಟ್ಟಿ ಉರೀತೈತಿ ಹೆಂಗ್ ಬೆಳೀತಾರೋ ಅಂತ. ನಾವು ಉಳಕೊಂಡ ಹೋಮ್‌ಸ್ಟೇ ಮಾಲಕ ಹ್ಮಾಂಗ್ ಮನಷ್ಯಾ. ಆ ಕಡಿ ಗಡಿಗೆ ಹತ್ತಿ ಪು ಪೆವ್ ಮಂದಿ ಅದಾರ, ಭಾಳ ಕಡಿಮಿ ಮಂದಿ, ಅವರೆಲ್ಲಾ ನಮ್ ಭಾಷಾನೂ ಮಾತಾಡ್ತಾರ ಅಂದ. ನೀವು ಅವರ ಭಾಷಾ ಮಾತಾಡ್ತೀರೇನ್ ಅಂತ ಕೇಳಿದ್ರ ನಕ್ಕ. ಆ ನಗಿ ನಂಗ ಈಗ್ ಅರ್ಥ ಆಗಾಕತ್ತೈತಿ.

ಆ ಪು ಪೆವ್ ಮಂದಿ ಚಂದ್ರಮಾನ ಆರನೇ ತಿಂಗಳ ಆರನೇ ದಿನ ಕಾಡದೇವರ ಪೂಜಾ ಮಾಡ್ತಾರಂತ. ಆ ಕಾಡಿನ ಗಿಡ ಯಾರೂ ಕಡಿಯಂಗಿಲ್ಲ. ಥೇಟ್ ನಮ್ ಕೊಡಗಿನ ದೇವರಕಾಡು.

ಹಂಡೆನೀರು
ಈಗ ಹಾ ಜಿಯಾಂಗ್ ಪ್ರಾಂತ್ಯ ಇಲ್ಲ, 2025ರ ಜುಲೈಯಲ್ಲಿ ತುಯೆನ್ ಕ್ವಾಂಗ್ ಜೊತೆ ಸೇರಿಸಿಬಿಟ್ರು. ಬೈಕ್ ಲೂಪಿನ ಹೆಸ್ರು ಮಾತ್ರ ಉಳ್ಕೊಂಡಿದೆ.

ನುಡಿಗಳ್ಳ
ವಿಯೆಟ್ನಾಂ 2019ರ ಜನಗಣತೀಲಿ ಪು ಪೆವ್ 903 ಜನ. 2009ರಲ್ಲಿ 687 ಇದ್ರು. ಜನ ಏರ್ತಾ ಇದ್ದಾರೆ, ಭಾಷೆ ಏರ್ತಿಲ್ಲ. ಜನಗಣತಿ ಕೇಳೋದು ನೀನು ಯಾವ ಕುಲ ಅಂತ, ಮನೇಲಿ ಮಕ್ಕಳ ಜೊತೆ ಏನು ಮಾತಾಡ್ತೀಯ ಅಂತ ಅಲ್ಲ. ಗೆಲಾವ್ ನೋಡಿ, ಚೀನಾದ 2010ರ ಲೆಕ್ಕದಲ್ಲಿ ಐದೂವರೆ ಲಕ್ಷ ಜನ, ಬಹುತೇಕ ಗುಯಿಝೌ ಪ್ರಾಂತ್ಯದೋರು, ಅದರಲ್ಲಿ ಭಾಷೆ ಬರೋರು ಕೆಲವೇ ಸಾವಿರ. ಹಳ್ಳಿಗೊಂದು ಥರ ಗೆಲಾವ್, ಒಬ್ಬರದು ಇನ್ನೊಬ್ಬರಿಗೆ ತಿಳಿಯಲ್ಲ, ಎದುರು ಸಿಕ್ಕಾಗ ಚೀನೀಲೇ ಮಾತಾಡ್ಕೊಳ್ತಾರೆ.

ಇನ್ನೂ ಕಷ್ಟ ಅಂದ್ರೆ ವಿಯೆಟ್ನಾಂ 54 ಕುಲಗಳ ಪಟ್ಟೀಲಿ ಪು ಪೆವ್‌ಗೆ ಒಂದು ಜಾಗ ಇದೆ. ಗಡಿ ದಾಟಿ ಚೀನಾದ ಮಾಲಿಪೋ ಕಡೆ ಹೋದ್ರೆ ಅದೇ ಜನ 'ಯೀ' ಕುಲದೊಳಗೆ. ಬುಯಾಂಗ್‌ನವರು 'ಜುವಾಂಗ್' ಒಳಗೆ. 56 ಕುಲಗಳ ಪಟ್ಟೀಲಿ ಅವರ ಹೆಸರೇ ಇಲ್ಲ.

ಅಜ್ಜಿಮನೆ
ನಾನು ಅಸ್ಸಾಂನಲ್ಲಿ ಟೀ ಎಸ್ಟೇಟ್ ಆಫೀಸಿನಲ್ಲಿ ಇದ್ದವಳು, ಶಿವಸಾಗರದ ಹತ್ತಿರ. ನೀವೆಲ್ಲ ಈ ಭಾಷೆಗಳು ಎಲ್ಲೋ ದೂರ ಅಂತ ಮಾತಾಡ್ತಿದ್ದೀರಿ, ನಮ್ಮ ದೇಶದಲ್ಲೇ ಈ ಮನೆತನದವರು ಇದ್ದಾರೆ. 1228ರಲ್ಲಿ ಸುಕಾಫಾ ಜೊತೆ ಬಂದ ಅಹೋಮರ ಭಾಷೆ ಥಾಯ್ ಕವಲಿನದು, ಕ್ರಾ ಅಲ್ಲ, ಆದರೆ ದಾಯಾದಿ. ಆರು ನೂರು ವರ್ಷ ರಾಜ್ಯ ಆಳಿದರು, ಬುರಂಜಿ ಅಂತ ಇತಿಹಾಸ ಬರೆಸಿದರು, ಸ್ವಂತ ಲಿಪಿ ಇತ್ತು. ಆದರೂ ಮನೆಮಾತು ಅಸ್ಸಾಮಿ ಆಗಿಹೋಯಿತು, ಪುರೋಹಿತರ ಪಠಣದಲ್ಲಿ ಮಾತ್ರ ಉಳಿಯಿತು.

ಮೇಲೆ ಟೋನ್ ಬಗ್ಗೆ ಓದಿದಾಗ ನೆನಪಾಯಿತು. ಅಹೋಂ ಲಿಪಿಯಲ್ಲಿ ಟೋನಿಗೆ ಗುರುತೇ ಇರಲಿಲ್ಲ. ಮಾತಾಡುವವರು ಇದ್ದಾಗ ಅದು ಬೇಕಾಗಿರಲಿಲ್ಲ, ಯಾವ 'ಮಾ' ಅಂತ ಓದುವವನಿಗೆ ಗೊತ್ತಿತ್ತು. ಮಾತು ನಿಂತ ಮೇಲೆ ಒಂದೇ ಅಕ್ಷರಕ್ಕೆ ಕುದುರೆಯೋ ನಾಯಿಯೋ ಬರುವುದೋ ಅಂತ ಊಹಿಸಬೇಕು. ನಮ್ಮ ಆಫೀಸಿನ ಗುಮಾಸ್ತರೊಬ್ಬರು ಅಹೋಂ ಮನೆಯವರು, ಅಜ್ಜನ ಕಾಲದ ಹಸ್ತಪ್ರತಿ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಓದೋಕೆ ಬರುತ್ತಾ ಅಂತ ಕೇಳಿದೆ. ಅಕ್ಷರ ಕೂಡಿಸ್ತೀನಿ ದೀದಿ, ಕೇಳಿಸೋದಿಲ್ಲ ಅಂದರು.

ಸಂಶಯಪ್ಪ
ಮೇಡಮ್, ಇದಕ್ಕೆ ನಾನು ವಾದ ಮಾಡಲ್ಲ.

ಕರಾವಳಿ_ಕಾಗೆ
ಅಷ್ಟು ದೂರ ಯಾಕೆ, ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ನಮಗೂ ಇದೇ ತಾಪತ್ರಯ. ಪದದ ಕೊನೆಯಲ್ಲಿ ತುಟಿ ಉರುಟು ಮಾಡದ ಒಂದು ಉ ಉಂಟು, ಅದಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಒಬ್ಬರು ಅರ್ಧಾಕ್ಷರ ಹಾಕ್ತಾರೆ, ಒಬ್ಬರು ಉಕಾರ. ಮನೆಯಲ್ಲಿ ಕಲಿತವರು ಸರಿ ಓದ್ತಾರೆ, ಬೆಂಗಳೂರಲ್ಲಿ ಹುಟ್ಟಿದ ನನ್ನ ಅಣ್ಣನ ಮಗ ಓದಿದರೆ ನಗು ಬರ್ತದೆ. ಬರೆದಂಗೆ ಓದೋದು ಅನ್ನುವುದು ಕನ್ನಡಕ್ಕೆ ಮಾತ್ರ.

ಬರೀ_ಓದ್ತೀನಿ
ಕನ್ನಡಕ್ಕೂ ಇಲ್ಲ ಬಿಡಿ, 'ಬಂದ' ಅಂತ ಬರೆದಿದ್ರೆ ಅವನು ಬಂದನೋ ಅವನು ಬಂದಾನೋ ಸಂದರ್ಭ ನೋಡಿ ಓದ್ತೀವಿ. ನನ್ನ ಮಾತು ವಾಪಸ್ ತಗೊಂಡೆ.

ಸಂಶಯಪ್ಪ
ಬಂದಾನೋ ಅನ್ನೋಕೆ ದೀರ್ಘ ಇದೆ. ಉದಾಹರಣೆ ತಪ್ಪು.

ಬರೀ_ಓದ್ತೀನಿ
ಇವ್ರು ಎಲ್ಲಿದ್ರೂ ಬಿಡಲ್ಲ 🙏

ಹಂಡೆನೀರು
ಬುಯಾಂಗ್‌ನವರು ತಮ್ಮ ಭಾಷೇನ ಯಾವ ಲಿಪೀಲಿ ಬರೀತಾರೆ ಅದನ್ನ ಯಾರೂ ಹೇಳ್ಲಿಲ್ಲ.

ನುಡಿಗಳ್ಳ
ಬಳಕೆಯಲ್ಲಿರೋ ಲಿಪಿ ಇಲ್ಲ. ಓದೋದು ಬರೆಯೋದು ಎಲ್ಲ ಚೀನೀಲಿ. ವಿದ್ವಾಂಸರ ಪುಸ್ತಕದಲ್ಲಿ ಅಂತಾರಾಷ್ಟ್ರೀಯ ಧ್ವನಿಲಿಪಿ, ಅದು ಅಲ್ಲಿಯ ಅಜ್ಜಂದಿರಿಗೆ ನಮಗೆ ಚೀನೀ ಇದ್ದ ಹಾಗೆ.

ಪೆನಾಂಗ್_ಪುಟ್ಟ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ನಿನ್ನೆ ಕ್ಯಾಂಟೀನಲ್ಲಿ ನಮ್ಮ ಲೈನ್ ಸೂಪರ್‌ವೈಸರ್ ಮಲಯ ಹೆಂಗಸು, ಅವರಿಗೆ ಈ ಪಟ್ಟಿ ಓದಿ ಹೇಳ್ದೆ. ಮತಾ ಅಂದೆ, ಕಣ್ಣು ಮುಟ್ಟಿ ತೋರಿಸಿದ್ರು. ಕ಼ತು ಅಂದೆ, ತಲೆ ಕೆರ್ಕೊಂಡ್ರು. ಮತೆ ಅಂದೆ, ಯಾರು ಸತ್ತಿದ್ದು ಅಂತ ಗಾಬರಿಯಾದ್ರು. ಇದು ಚೀನಾ ಗುಡ್ಡದ ಭಾಷೆ ಅಂದ್ರೆ ನಂಬ್ಲೇ ಇಲ್ಲ, ನಿಂಗೆ ಮಲಯ ಸರಿಯಾಗಿ ಬರಲ್ಲ ಅದಕ್ಕೆ ಹೀಗೆ ಹೇಳ್ತೀಯ ಅಂತ ತಿದ್ದಿ ಕಳ್ಸಿದ್ರು.

ಮೊದಲ ಪೋಸ್ಟಲ್ಲಿ ಕತು ಇದ್ದಿದ್ದನ್ನ ಕ಼ತು ಮಾಡೋಣ ಅಂತಿದ್ದೀನಿ. ಟೋನ್ ಹೇಗೆ ಹಾಕ್ಲಿ, ಪಕ್ಕದಲ್ಲಿ 54 ಬರೆದ್ರೆ ಐವತ್ನಾಲ್ಕು ಹೇನು ಅಂತ ಓದ್ತಾರಲ್ಲ?

ದಖನಿ_ಕಲಬುರಗಿ
ಮ್ಯಾಲಕ್ಕ ಸಣ್ಣಗ ಬರೀರಿ. ನುಕ್ತಾ ಮಾತ್ರ ಮರೀಬ್ಯಾಡ್ರಿ.